ಹಾಲು ಕರೆಯುವ ಯಂತ್ರದ ರಬ್ಬರ್ ಬದಲಿಸಿದ್ದೀರಾ?

ಚಿಕಿತ್ಸೆ ಕೊಡಿಸಿದ ಮೇಲೂ ಕೆಚ್ಚಲು ಬಾವು ಮರುಕಳಿಸುತ್ತಿದ್ದರೆ ಹಾಲು ಕರೆಯುವ ಯಂತ್ರದ ಲೈನರ್ ಒಳಗೆ ಒಮ್ಮೆ ಬೆರಳು ಹಾಕಿ ನೋಡಿ. ಬೆರಳಿಗೆ ಕಪ್ಪು ಮೆತ್ತಿಕೊಂಡರೆ, ಒಳಗೆ ಒರಟಾಗಿದ್ದರೆ, ಬಾಯಿ ಸಡಿಲವಾಗಿದ್ದರೆ ಆ ರಬ್ಬರಿನ ಆಯುಷ್ಯ ಮುಗಿದಿದೆ. ಸೀಳುಗಳಲ್ಲಿ ಕೂತ ರೋಗಾಣು ತೊಳೆದರೂ ಪೂರ್ತಿ ಹೋಗದು. ಒಂದು ಹಸುವಿನಿಂದ ಇನ್ನೊಂದಕ್ಕೆ ದಾಟುತ್ತದೆ. ಬಿಗಿ ಕಳೆದುಕೊಂಡ ಲೈನರ್ ತೊಟ್ಟನ್ನು ಸರಿಯಾಗಿ ಒತ್ತುವುದಿಲ್ಲ, ಬರೀ ಎಳೆಯುತ್ತದೆ. ತೊಟ್ಟಿನ ತುದಿ ಗಡುಸಾಗುವುದು ಹೀಗೆಯೇ.

ರಬ್ಬರ್ ಲೈನರ್‌ಗೆ ಸಾಮಾನ್ಯವಾಗಿ 2,500 ಸಲದ ಕರೆತ ಅಥವಾ 6 ತಿಂಗಳು, ಯಾವುದು ಮೊದಲೋ ಅದು. ಒಂದೇ ಸೆಟ್‌ನಲ್ಲಿ 10 ಹಸುಗಳನ್ನು ಎರಡು ಹೊತ್ತು ಕರೆದರೆ 125 ದಿನಕ್ಕೇ ಲೆಕ್ಕ ಮುಗಿಯಿತು. ಹರಿಯಲಿ ನೋಡೋಣ ಎನ್ನುವುದು ಉಳಿತಾಯವಲ್ಲ.

ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಮೋಟಾರ್ ನಿಲ್ಲಿಸಿ, ಮಾಪಕದ ಮುಳ್ಳು ಸೊನ್ನೆಗೆ ಇಳಿಯಲಿ. ನಾಲ್ಕು ಲೈನರ್‌ಗಳನ್ನೂ ಒಟ್ಟಿಗೇ ಬದಲಿಸಿ. ಹೊಸದನ್ನು ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಸುಲಭವಾಗಿ ಕೂರುತ್ತದೆ. ಎಣ್ಣೆ, ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಸ್ಟೀಲ್ ಕಪ್‌ನೊಳಗೆ ತಿರುಚಿಕೊಳ್ಳಬಾರದು: ಮೇಲಿನ ಗುರುತು, ಕೆಳಗಿನ ಗುರುತು ಒಂದೇ ಸಾಲಿಗಿರಲಿ. ಪಲ್ಸೇಟರ್‌ನಿಂದ ಬರುವ ಗಾಳಿಯ ಪೈಪುಗಳನ್ನು ಬಗ್ಗಿಸಿ ನೋಡಿ, ಬಿರುಕಿದ್ದರೆ ಅವನ್ನೂ ತೆಗೆಯಿರಿ. ಹಾಲು ಹರಿಯುವ ಪೈಪಿನ ಜಾಗಕ್ಕೆ ಗಿಡಕ್ಕೆ ನೀರು ಬಿಡುವ ಪೈಪ್ ಹಾಕಿದ್ದನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ.

ಜೋಡಿಸಿದ ಮೇಲೆ ಮೂರು ಕಪ್ ಮುಚ್ಚಿ, ಮೋಟಾರ್ ಹಾಕಿ, ನಾಲ್ಕನೆಯದರಲ್ಲಿ ಹೆಬ್ಬೆರಳಿಡಿ. ನಿಮಿಷಕ್ಕೆ ಸುಮಾರು 60 ಸಲ ಒತ್ತಿ ಬಿಡುವುದು ತಿಳಿಯಬೇಕು. ನಾಲ್ಕನ್ನೂ ಹೀಗೇ ನೋಡಿ. ಒತ್ತು ತಿಳಿಯದಿದ್ದರೆ ಹಸುವಿಗೆ ಹಾಕಬೇಡಿ. ಸರಿಪಡಿಸುವವರೆಗೆ ಕೈಯಲ್ಲೇ ಕರೆಯಿರಿ.