ಕ್ಯಾಮೆರಾದ ಮುಳ್ಳು ಹೇಳುವ ಸುಳ್ಳು

ಶಿವಮೊಗ್ಗ, ಭದ್ರಾವತಿಯ ಹಳೆಯ ಮನೆಗಳ ಬೀರುವಿನಲ್ಲಿ ಚರ್ಮದ ಚೀಲದೊಳಗೆ ಮಲಗಿದ್ದ ಫಿಲ್ಮ್ ಕ್ಯಾಮೆರಾಗಳನ್ನು ಈಗ ಮೊಮ್ಮಕ್ಕಳು ಹೊರತೆಗೆಯುತ್ತಿದ್ದಾರೆ. ಲೆನ್ಸಿಗೆ ಮಳೆಗಾಲದ ಬೂಷ್ಟು ಹಿಡಿದಿಲ್ಲವೆಂದರೆ ಅದೇ ದೊಡ್ಡ ಭಾಗ್ಯ. ಹೊಸ ಸೆಲ್ ತಂದು ಹಾಕಿದರೆ ವ್ಯೂಫೈಂಡರಿನೊಳಗೆ ಬೆಳಕು ಅಳೆಯುವ ಮುಳ್ಳೂ ಎದ್ದು ನಿಲ್ಲುತ್ತದೆ. ರೀಲು ತೊಳೆಸಿದಾಗ ನೋಡಿದರೆ ನೆಗೆಟಿವ್ ತೆಳ್ಳಗೆ, ನೆರಳಿದ್ದ ಕಡೆಯೆಲ್ಲ ಖಾಲಿ. ಮೀಟರ್ ಹಾಳಾಗಿದೆ ಎಂದುಕೊಂಡು ಕ್ಯಾಮೆರಾವನ್ನು ಮತ್ತೆ ಬೀರುವಿಗೆ ಸೇರಿಸುತ್ತಾರೆ. ನನಗೆ ಸಂಕಟವಾಗುವುದು ಇಲ್ಲೇ. ಎಷ್ಟೋ ಸಲ ಮೀಟರ್ ಸರಿಯಾಗಿಯೇ ಇರುತ್ತದೆ, ತಪ್ಪಿರುವುದು ಸೆಲ್ಲಿನ ವೋಲ್ಟೇಜು.

1966ರಲ್ಲಿ ಬಂದ ಮಿನೋಲ್ಟಾ ಎಸ್‌ಆರ್‌ಟಿ-101, ಎಪ್ಪತ್ತರ ದಶಕದ ಒಲಿಂಪಸ್ ಓಎಂ-1, ನಮ್ಮ ಸ್ಟುಡಿಯೊಗಳು ನೆಚ್ಚಿಕೊಂಡಿದ್ದ ಯಾಶಿಕಾ ಮ್ಯಾಟ್-124ಜಿ, ಇವೆಲ್ಲ ಪಿಎಕ್ಸ್-625 ಎಂಬ ಪಾದರಸದ ಸೆಲ್ಲಿಗೆ ಹೊಂದಿಸಿದ ಯಂತ್ರಗಳು. ಆ ಸೆಲ್ 1.35 ವೋಲ್ಟ್ ಕೊಡುತ್ತಿತ್ತು, ಸಾಯುವವರೆಗೂ ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತಿತ್ತು. ಅದನ್ನು ನಂಬಿ, ವೋಲ್ಟೇಜನ್ನು ಹತೋಟಿಯಲ್ಲಿಡುವ ಬೇರೆ ಏರ್ಪಾಡನ್ನೇ ಒಳಗೆ ಇಡಲಿಲ್ಲ. ಇಂದು ಅದೇ ಗಾತ್ರದಲ್ಲಿ ಸಿಗುವ ಆಲ್ಕಲೈನ್ ಸೆಲ್ 1.5ರಿಂದ ಶುರುವಾಗಿ ದಿನದಿನಕ್ಕೆ ಇಳಿಯುತ್ತದೆ. ಬೆಳಕು ಬಿದ್ದಷ್ಟೂ ಕ್ಯಾಡ್ಮಿಯಂ ಸಲ್ಫೈಡ್ ಕಣ್ಣಿನ ತಡೆ ಕಡಿಮೆಯಾಗಿ, ಹರಿಯುವ ವಿದ್ಯುತ್ತು ಮುಳ್ಳನ್ನು ಎತ್ತುತ್ತದೆ. ವೋಲ್ಟೇಜು ಹೆಚ್ಚಿದ್ದರೆ ಇಲ್ಲದ ಬೆಳಕಿಗೂ ಮುಳ್ಳು ಏಳುತ್ತದೆ. ಅದನ್ನು ನಂಬಿ ನಾವು ಅಪರ್ಚರ್ ಕಿರಿದು ಮಾಡುತ್ತೇವೆ. ಒಂದು ಸ್ಟಾಪ್ ತಪ್ಪಿದರೂ ಫಿಲ್ಮಿಗೆ ಸೇರಬೇಕಾದ ಬೆಳಕಿನಲ್ಲಿ ಅರ್ಧ ಹೋಯಿತು.

ಪಾದರಸದ ಸೆಲ್ ಮರಳಿ ಬರಲೆಂದು ನಾನು ಬಯಸುವುದಿಲ್ಲ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯೊಂದರ ಪಾದರಸ ಮೀನಿನ ಮೂಲಕ ಜನರ ನರಗಳನ್ನು ಸೇರಿದ್ದನ್ನು ಛಾಯಾಗ್ರಾಹಕ ಯುಜೀನ್ ಸ್ಮಿತ್ 1971ರಿಂದ ಅಲ್ಲೇ ಉಳಿದು ಚಿತ್ರಿಸಿದರು. ಅವರ ಕೈಯಲ್ಲಿದ್ದದ್ದೂ ಮಿನೋಲ್ಟಾ ಕ್ಯಾಮೆರಾ. ಪಾದರಸಕ್ಕೆ ಕಡಿವಾಣ ಹಾಕುವ, ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಅಮೆರಿಕ 1996ರಲ್ಲೇ ಇಂಥ ಸೆಲ್ಲುಗಳ ವಿರುದ್ಧ ಕಾಯ್ದೆ ಮಾಡಿತ್ತು.

ಹಾಗಾದರೆ ಏನು ಹಾಕಬೇಕು? ಶ್ರವಣಸಾಧನಕ್ಕೆ ಬಳಸುವ 675 ಸಂಖ್ಯೆಯ ಜಿಂಕ್-ಏರ್ ಸೆಲ್ 1.4 ವೋಲ್ಟಿನದು, ಮೂಲಕ್ಕೆ ಬಹಳ ಹತ್ತಿರ. ಅಡ್ಡಳತೆ 11.6 ಮಿ.ಮೀ. ಮಾತ್ರ, ಕ್ಯಾಮೆರಾದ ಗೂಡು ಸುಮಾರು 16 ಮಿ.ಮೀ. ಇರುವುದರಿಂದ ಸುತ್ತ ಒಂದು ರಬ್ಬರ್ ಉಂಗುರ ಬೇಕು. ಮೇಲಿನ ಚೀಟಿ ಕಿತ್ತೊಡನೆ ಗಾಳಿ ಸೇರಿ ಕೆಲಸ ಶುರುಮಾಡುವ ಈ ಸೆಲ್, ಬಳಸಲಿ ಬಿಡಲಿ, ಕೆಲವೇ ವಾರಗಳಲ್ಲಿ ತೀರುತ್ತದೆ. ಮಲೆನಾಡಿನ ಥಂಡಿಯೂ ಅದಕ್ಕೆ ಆಗಿಬರುವುದಿಲ್ಲ. ಮಳೆಗಾಲದಲ್ಲೂ ಚಿತ್ರ ತೆಗೆಯುವವರಿಗೆ ನಾನು ಹೇಳುವುದು ಎಸ್‌ಆರ್-44 ಬೆಳ್ಳಿ ಸೆಲ್. ಅದು 1.55 ವೋಲ್ಟಿನಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಹೆಚ್ಚುವರಿ 0.2 ವೋಲ್ಟನ್ನು ಶಾಟ್ಕಿ ಡಯೋಡೊಂದು ನುಂಗಿಕೊಳ್ಳುತ್ತದೆ. ಬೆಸುಗೆ ಬಲ್ಲ ರೇಡಿಯೊ ರಿಪೇರಿಯವರು ಇದನ್ನು ಕೂರಿಸಬಲ್ಲರು. ಗೂಡಿನಲ್ಲಿ ಹಳೆಯ ಸೆಲ್ ಸೋರಿ ಹಸಿರು ಕಿಲುಬು ಕಟ್ಟಿದ್ದರೆ ಮೊದಲು ಅದನ್ನು ಒರೆಸಿ ತೆಗೆಯಿಸಿ.

ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಇದ್ದವರಿಗೆ ಈ ತಾಪತ್ರಯವಿಲ್ಲ. ಅದರ ಬ್ರಿಡ್ಜ್ ಸರ್ಕ್ಯೂಟ್ ತಕ್ಕಡಿಯಂತೆ ಎರಡು ಬದಿಯನ್ನು ಸಮ ತೂಗುವುದರಿಂದ ವೋಲ್ಟೇಜು ತುಸು ಏರಿದರೂ ಮುಳ್ಳು ನಿಲ್ಲುವ ಜಾಗ ಬದಲಾಗದು.

ಪರೀಕ್ಷೆಗೆ ಸೋಗಾನೆಯ ಕಡೆಯ ಬಯಲು ಒಳ್ಳೆಯ ಜಾಗ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣದ ಸರಹದ್ದಿನಿಂದ ದೂರ ನಿಂತು, ಮೋಡವಿಲ್ಲದ ಜನವರಿಯ ಮಧ್ಯಾಹ್ನ, ಬಿಸಿಲು ಬಿದ್ದ ಹುಲ್ಲಿಗೆ ಕ್ಯಾಮೆರಾ ಹಿಡಿಯಿರಿ. ಐಎಸ್‌ಒ 100, ಶಟರ್ 1/125. ಮೀಟರ್ ಎಫ್/16ರ ಆಸುಪಾಸು ತೋರಿಸಬೇಕು. ಎಫ್/22 ತೋರಿಸಿದರೆ ಒಂದು ಸ್ಟಾಪ್ ಹೆಚ್ಚು ಹೇಳುತ್ತಿದೆ. ಐಎಸ್‌ಒ ಉಂಗುರವನ್ನು 50ಕ್ಕೆ ತಿರುಗಿಸಿದರೆ ಸರಿಹೋಗುತ್ತದೆ. ಆಮೇಲೆ ಯಾವುದಾದರೂ ಅಡಿಕೆ ತೋಟದ ನೆರಳಿಗೆ ಹೋಗಿ, ಮೊಬೈಲಿನ ಲೈಟ್ ಮೀಟರ್ ಜೊತೆ ಹೋಲಿಸಿ ಇನ್ನೊಮ್ಮೆ ನೋಡಿ. ಬಿಸಿಲಿನಲ್ಲಿ ಕಂಡ ವ್ಯತ್ಯಾಸವೇ ನೆರಳಿನಲ್ಲೂ ಕಂಡರೆ ಉಂಗುರದ ಉಪಾಯ ಸಾಕು. ಎರಡು ಕಡೆ ಎರಡು ಲೆಕ್ಕ ಬಂದರೆ ಡಯೋಡ್ ಹಾಕಿಸಲೇಬೇಕು.