ಮನೆಯ ಉಪ್ಪುನೀರಿನ ಅಕ್ವೇರಿಯಂ: ಬಕೆಟ್ ಹೊರದೆ ನೀರು ಬದಲಿಸುವುದು ಹೇಗೆ?

ಈ ವಾರ ತೋಟ ಬಿಟ್ಟು ಮನೆಯೊಳಗಿನ ವಿಷಯ. ಆದರೆ ಇದಕ್ಕೆ ಬೇಕಾದ ಸಾಮಾನು ನಮಗೆಲ್ಲ ಗೊತ್ತಿರುವಂಥದ್ದೇ: ಡ್ರಮ್ಮು, ಸಣ್ಣ ಪಂಪು, ಪಿವಿಸಿ ಪೈಪು, ಬಾಲ್ ವಾಲ್ವ್.

ಮಂಗಳೂರಿನ ನಮ್ಮ ಮನೆಯಲ್ಲಿ ಅಪ್ಪ ನಿವೃತ್ತರಾದ ಮೇಲೆ ಇಟ್ಟುಕೊಂಡ 4 ಅಡಿ ಉದ್ದದ ಉಪ್ಪುನೀರಿನ ಅಕ್ವೇರಿಯಂ ಇದೆ. ಒಂದು ಜೋಡಿ ಕ್ಲೌನ್ ಮೀನು, ಎರಡು ಡ್ಯಾಮ್ಸೆಲ್, ಕೆಲವು ಸಿಗಡಿ, ಬಸವನಹುಳು. ನಾನು ಪುತ್ತೂರಿನ ಹತ್ತಿರ ತೋಟದಲ್ಲಿರುವವನು, ಭಾನುವಾರ ಮಾತ್ರ ಮನೆಗೆ ಹೋಗುತ್ತೇನೆ. ಕಳೆದ ವರ್ಷ ಒಂದು ಭಾನುವಾರ ಹೋದಾಗ ಗಾಜಿನ ಮೇಲೆ ಕಂದು ಪಾಚಿ ಕಟ್ಟಿತ್ತು, ಮೀನು ಮಂಕಾಗಿತ್ತು. ಕಿಟ್‌ನಲ್ಲಿ ಪರೀಕ್ಷೆ ಮಾಡಿದರೆ ನೈಟ್ರೇಟ್ 80 ಪಿಪಿಎಂ.

"ವಾರ ವಾರ ನೀರು ಬದಲಿಸ್ತಾ ಇದ್ದೀರಲ್ಲ?" ಅಂತ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸೊಂಟ ಹಿಡ್ಕೊಂಡಿದೆ ಮಾರಾಯ. ಎರಡು ತಿಂಗಳಾಯ್ತು ಮುಟ್ಟಲಿಲ್ಲ. ನಿನ್ನ ಹತ್ರ ಹೇಳಿದ್ರೆ ಮೀನು ಯಾರಿಗಾದ್ರೂ ಕೊಟ್ಟುಬಿಡಿ ಅಂತೀಯ" ಅಂದರು.

67 ವರ್ಷದವರು 12 ಲೀಟರಿನ ಬಕೆಟ್ ನಾಲ್ಕು ಸಲ ಹೊರಗೆ ಹೊತ್ತು, ಮತ್ತೆ ನಾಲ್ಕು ಸಲ ಎದೆಯೆತ್ತರಕ್ಕೆ ಎತ್ತಿ ಸುರಿಯಬೇಕಿತ್ತು. ತಪ್ಪು ಅವರದ್ದಲ್ಲ, ವ್ಯವಸ್ಥೆಯದ್ದು. ಕೊಡದಲ್ಲಿ ಹೊತ್ತು ನೀರು ಹಾಕುವ ಗಿಡಕ್ಕೆ ಒಂದಲ್ಲ ಒಂದು ದಿನ ನೀರು ತಪ್ಪಿಯೇ ತಪ್ಪುತ್ತದೆ. ಅದಕ್ಕೇ ಅಲ್ಲವೇ ನಾವು ಡ್ರಿಪ್ ಹಾಕಿಸುವುದು?

ನೀರು ಯಾಕೆ ಬದಲಿಸಬೇಕು?

ಮೀನಿನ ಕಸ ಮತ್ತು ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮಣ್ಣಿನಲ್ಲೂ ಇದೇ ಆಗುವುದು. ಮಣ್ಣಿನಲ್ಲಾದರೆ ನೈಟ್ರೇಟನ್ನು ಬೇರು ಹೀರಿಕೊಳ್ಳುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಹೀರುವವರು ಯಾರೂ ಇಲ್ಲದಿದ್ದರೆ ಅದು ಕೂಡುತ್ತಲೇ ಹೋಗುತ್ತದೆ. ಹಳೆ ನೀರು ತೆಗೆದು ಹೊಸದು ಹಾಕುವುದು ಅದನ್ನು ಇಳಿಸುವ ಸರಳ ದಾರಿ. ಕ್ಯಾಲ್ಸಿಯಂ, ಮೆಗ್ನೀಸಿಯಂನಂಥ ಖನಿಜಗಳೂ ಹೊಸ ನೀರಿನ ಜತೆ ಮರುಪೂರಣವಾಗುತ್ತವೆ.

ಒಂದೇ ಸಲ ಅರ್ಧ ನೀರು ಬದಲಿಸಬೇಡಿ, ಮೀನಿಗೆ ಆಘಾತವಾಗುತ್ತದೆ. ವಾರಕ್ಕೆ 10ರಿಂದ 15 ಶೇಕಡಾ ಸಾಕು.

ಎಷ್ಟು ನೀರು? ಗಾಜಿನ ಮೇಲೆ ಗೆರೆ ಎಳೆಯಿರಿ

ನಮ್ಮ ತೊಟ್ಟಿ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ. ಅಂದರೆ 1 ಸೆಂ.ಮೀ. ನೀರು ಇಳಿದರೆ 7.2 ಲೀಟರ್. 7 ಸೆಂ.ಮೀ. ಇಳಿದರೆ ಸುಮಾರು 50 ಲೀಟರ್. ಗಾಜಿನ ಹೊರಗೆ ಮಾರ್ಕರ್‌ನಿಂದ ಎರಡು ಗೆರೆ ಎಳೆದೆ: ಮೇಲಿನದು ತುಂಬಿದ ಮಟ್ಟ, ಕೆಳಗಿನದು ನಿಲ್ಲಿಸುವ ಮಟ್ಟ. ಬಕೆಟ್ ಲೆಕ್ಕ ಅಲ್ಲಿಗೇ ಮುಗಿಯಿತು.

ಹೊಸ ನೀರಿಗೆ ಒಂದು ಡ್ರಮ್

ಹಿಂದಿನ ಯುಟಿಲಿಟಿಯಲ್ಲಿ 200 ಲೀಟರಿನ ಆಹಾರ ದರ್ಜೆಯ ಪ್ಲಾಸ್ಟಿಕ್ ಡ್ರಮ್ ಇಟ್ಟೆವು. ಆರ್‌ಓ ಯಂತ್ರದ ನೀರು ಸಣ್ಣ ನಳಿಗೆಯಲ್ಲಿ ಬಂದು ಫ್ಲೋಟ್ ವಾಲ್ವ್ ಮೂಲಕ ಇದಕ್ಕೆ ಬೀಳುತ್ತದೆ. ಗಂಟೆಗೆ 10 ಲೀಟರ್ ಕೊಡುವ ಯಂತ್ರವಾದರೆ 50 ಲೀಟರಿಗೆ 5 ಗಂಟೆ. ಕುಡಿಯುವ ನೀರಿನ ಕೆಲವು ಯಂತ್ರಗಳು ಟಿಡಿಎಸ್ ಹೆಚ್ಚಿಸಲು ಹಸಿ ನೀರನ್ನು ಬೆರೆಸುತ್ತವೆ. ಅದನ್ನು ಬಂದ್ ಮಾಡಿಸಿ.

ನೀರು ತುಂಬಿದ ಮೇಲೆ ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಪ್ಯಾಕೆಟ್‌ನಲ್ಲಿ ಬರೆದ ಅಳತೆಯನ್ನೇ ಹಾಕಿ. ಅಕ್ವೇರಿಯಂಗೆಂದೇ ಬರುವ ಸಮುದ್ರ ಲವಣ ಬೇಕು, ಅಡುಗೆ ಉಪ್ಪು ಆಗುವುದಿಲ್ಲ. ಮೊದಲು ನೀರು, ಆಮೇಲೆ ಸ್ವಲ್ಪಸ್ವಲ್ಪವಾಗಿ ಉಪ್ಪು. ಉಪ್ಪಿನ ಮೇಲೆ ನೀರು ಬಿಟ್ಟರೆ ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕೆ ಕೂರುತ್ತದೆ. ಡ್ರಮ್ಮಿನೊಳಗಿನ ಪಂಪು ರಾತ್ರಿಯಿಡೀ ತಿರುಗಲಿ.

ಬೆಳಿಗ್ಗೆ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಉಪ್ಪಿನಂಶ ಮತ್ತು ಥರ್ಮೋಮೀಟರ್‌ನಲ್ಲಿ ಬಿಸಿ ನೋಡಿ. ಎರಡೂ ತೊಟ್ಟಿಯ ನೀರಿಗೆ ಹೊಂದಬೇಕು. ಬಿಸಿಯಲ್ಲಿ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ.

ಕರಾವಳಿಯವರು "ಸಮುದ್ರ ಇಲ್ಲೇ ಇದೆಯಲ್ಲ?" ಅನ್ನುತ್ತಾರೆ. ಮಳೆಗಾಲದಲ್ಲಿ ಅಳಿವೆಯ ಹತ್ತಿರ ನದಿಯ ನೀರು ಸೇರಿ ಉಪ್ಪಿನಂಶ ಇಳಿದಿರುತ್ತದೆ, ಕೆಸರೂ ಇರುತ್ತದೆ. ದಡದಲ್ಲಿ ತುಂಬಿಸಿ ತಂದ ನೀರನ್ನು ನಂಬುವಂತಿಲ್ಲ.

ತೆಗೆಯಲು ಪೈಪು, ತುಂಬಲು ಪಂಪು

ಹಳೆ ನೀರಿಗೆ ಮುಕ್ಕಾಲು ಇಂಚಿನ ಪೈಪನ್ನು ತೊಟ್ಟಿಯ ಹಿಂದಿನಿಂದ ಬಚ್ಚಲಿನ ತನಕ ಇಳಿಜಾರಾಗಿ ಎಳೆದು, ಮಧ್ಯೆ ಬಾಲ್ ವಾಲ್ವ್ ಹಾಕಿದ್ದೇವೆ. ತೊಟ್ಟಿಯೊಳಗೆ ಬಿಡುವ ತುದಿ ಕೆಳಗಿನ ಗೆರೆಯ ಮಟ್ಟದಲ್ಲೇ ನಿಂತಿದೆ. ಹಾಗಾಗಿ ವಾಲ್ವ್ ಮರೆತರೂ ನೀರು ಆ ಗೆರೆಗೆ ಇಳಿದ ಕೂಡಲೇ ಪೈಪಿಗೆ ಗಾಳಿ ಹೊಕ್ಕು ಹರಿವು ನಿಲ್ಲುತ್ತದೆ. ವಯಸ್ಸಾದವರು ನೋಡಿಕೊಳ್ಳುವ ತೊಟ್ಟಿಗೆ ಇದು ದೊಡ್ಡ ಭದ್ರತೆ.

ಹೊಸ ನೀರು ಡ್ರಮ್ಮಿನ ಪಂಪಿನಿಂದಲೇ ಮೇಲೇರುತ್ತದೆ. ಪಂಪು ಕೊಳ್ಳುವಾಗ ಲೀಟರ್ ಮಾತ್ರ ನೋಡಬೇಡಿ, ಹೆಡ್ ನೋಡಿ. ಸ್ಟ್ಯಾಂಡ್ ಸೇರಿ ನಮ್ಮ ತೊಟ್ಟಿಯ ಬಾಯಿ 135 ಸೆಂ.ಮೀ. ಎತ್ತರದಲ್ಲಿದೆ. ಗರಿಷ್ಠ ಹೆಡ್ 1.5 ಮೀಟರ್ ಇರುವ ಪಂಪಿನಲ್ಲಿ ಅಲ್ಲಿಗೆ ನೀರು ಹನಿಯುತ್ತದೆ ಅಷ್ಟೆ. 3 ಮೀಟರಿನದ್ದು ತನ್ನಿ.

ನೀರು ತೆಗೆಯುವ ಮೊದಲು ಫಿಲ್ಟರ್, ಹೀಟರ್ ಆಫ್ ಮಾಡಿ. ನೀರಿನಿಂದ ಹೊರಗುಳಿದ ಹೀಟರ್ ಒಡೆಯುತ್ತದೆ. ಉಪ್ಪುನೀರಿನಲ್ಲಿ ಕರೆಂಟು ಚೆನ್ನಾಗಿ ಹರಿಯುವುದರಿಂದ ಆ ಲೈನಿಗೆ ಆರ್‌ಸಿಸಿಬಿ ಇರಲೇಬೇಕು. ವಯರು ಪ್ಲಗ್ಗಿಗಿಂತ ಕೆಳಗೆ ಬಾಗಿ ಬರಲಿ, ಹನಿ ಅಲ್ಲೇ ಬೀಳುತ್ತದೆ.

ನಾನು ಮಾಡಿದ ತಪ್ಪು

ಮೊದಲ ಡ್ರಮ್ ತೋಟದಿಂದ ತಂದದ್ದು. ನಾಲ್ಕು ಸಲ ತೊಳೆದಿದ್ದೆ. ಹಿಂದಿನ ಮಳೆಗಾಲ ಕೊಳೆರೋಗಕ್ಕೆ ಅದರಲ್ಲೇ ಬೋರ್ಡೋ ದ್ರಾವಣ ಮಾಡಿದ್ದು ತಲೆಗೆ ಹೋಗಲೇ ಇಲ್ಲ. ನೀರು ಬದಲಿಸಿದ ಮರುದಿನ ಸಿಗಡಿಗಳು ಅಡ್ಡ ಬಿದ್ದವು. ಮೂರು ದಿನದಲ್ಲಿ ಬಸವನಹುಳುಗಳೂ ಹೋದವು. ಮೀನಿಗೆ ಏನೂ ಆಗಲಿಲ್ಲ. ಪರೀಕ್ಷೆ ಮಾಡಿದರೆ ನೀರಿನಲ್ಲಿ ತಾಮ್ರ ಕಾಣಿಸಿತು. ಮೀನು ತಡೆದುಕೊಳ್ಳುವಷ್ಟು ಮೈಲುತುತ್ತು ಸಿಗಡಿ, ಬಸವನಹುಳುಗಳಿಗೆ ವಿಷ. ತೋಟಗಾರಿಕೆ ಓದಿದವನಿಗೆ ಇದು ಗೊತ್ತಿರಬೇಕಿತ್ತು. ಅಪ್ಪ ಬೈಯಲಿಲ್ಲ. ಅದೇ ಹೆಚ್ಚು ಬೇಸರವಾಯಿತು.

ಹಾಗಾಗಿ ಡ್ರಮ್, ಪಂಪು, ಪೈಪು ಎಲ್ಲ ಹೊಸದೇ ಇರಲಿ. ಸಿಂಪಡಣೆಗೆ ಬಳಸಿದ ಯಾವುದೂ ಬೇಡ. ಹಿತ್ತಾಳೆಯಲ್ಲೂ ತಾಮ್ರ ಇದೆ. ಅದಕ್ಕೆ ಹಿತ್ತಾಳೆ ನಲ್ಲಿ, ಜಾಯಿಂಟ್ ಹಾಕಬೇಡಿ. ಪೂರ್ತಿ ಪ್ಲಾಸ್ಟಿಕ್ಕೇ ಆಗಬೇಕು.

ಆರಿದ ನೀರಿಗೆ ಸಿಹಿನೀರು

ಎರಡು ನೀರು ಬದಲಾವಣೆಗಳ ಮಧ್ಯೆ ತೊಟ್ಟಿಯ ಮಟ್ಟ ಇಳಿಯುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆ ಕೊರತೆಗೆ ಉಪ್ಪುನೀರು ಹಾಕಿದರೆ ವಾರದಿಂದ ವಾರಕ್ಕೆ ಉಪ್ಪು ಏರುತ್ತದೆ. ಮೇಲಿನ ಗೆರೆಯ ತನಕ ಬರೀ ಆರ್‌ಓ ನೀರು ಹಾಕಿ. ನೀರು ತೆಗೆಯುವ ದಿನವೂ ಮೊದಲು ಹೀಗೆ ಗೆರೆಗೆ ತುಂಬಿಸಿಯೇ ಶುರು ಮಾಡಿ.

ಹಳೆ ನೀರು ಗಿಡಕ್ಕೆ ಬೇಡ

ಇದನ್ನು ಕೃಷಿಕರಿಗೆ ಒತ್ತಿ ಹೇಳಬೇಕು. ಸಿಹಿನೀರಿನ ಅಕ್ವೇರಿಯಂ ನೀರು ಗಿಡಕ್ಕೆ ಒಳ್ಳೆಯದು ಎಂದು ನಾವೇ ಹೇಳುತ್ತೇವೆ. ಅದನ್ನು ಕೇಳಿ ಅಪ್ಪ ಉಪ್ಪುನೀರನ್ನೂ ಹಿತ್ತಿಲಿನ ಕರಿಬೇವಿನ ಬುಡಕ್ಕೆ ಹಾಕುತ್ತಿದ್ದರು. ಎಲೆಯ ಅಂಚು ಸುಟ್ಟ ಹಾಗಾಗಿ ಗಿಡವೇ ಒಣಗಿತು.

ನೀರಾವರಿ ನೀರಿನ ಇಸಿ 3 ದಾಟಿದರೆ ಹೆಚ್ಚಿನ ಬೆಳೆಗಳಿಗೆ ಅಪಾಯ. ಸಮುದ್ರದ ನೀರಿನ ಇಸಿ 50ರ ಮೇಲೆ. ನಮ್ಮ 50 ಲೀಟರಿನಲ್ಲಿ ಪೌನೇ ಎರಡು ಕಿಲೋ ಉಪ್ಪಿದೆ. ವರ್ಷಕ್ಕೆ 91 ಕಿಲೋ! ಹತ್ತಿರ ಹತ್ತಿರ ಎರಡು ಮೂಟೆ ಉಪ್ಪನ್ನು ಯಾರಾದರೂ ಹಿತ್ತಿಲಿಗೆ ಸುರಿಯುತ್ತಾರೆಯೇ? ತೆಂಗು ಉಪ್ಪು ತಡೆಯುತ್ತದೆ ಎಂದು ತೆಂಗಿನ ಬುಡಕ್ಕೂ ಹಾಕಬೇಡಿ. ಸೋಡಿಯಂ ಮಣ್ಣಿನ ರಚನೆಯನ್ನೇ ಕೆಡಿಸುತ್ತದೆ, ಪಕ್ಕದ ಬಾವಿಗೂ ಇಳಿಯಬಹುದು.

ನಗರದಲ್ಲಿ ಒಳಚರಂಡಿ ಸಂಪರ್ಕ ಇರುವವರು ಬಚ್ಚಲಿನ ಮೂಲಕ ಬಿಡಿ. ಕೆರೆ, ತೋಡಿಗೆ ಬಿಡಬೇಡಿ. ಇಂಗುಗುಂಡಿ ಮತ್ತು ಬಾವಿ ಹತ್ತಿರ ಹತ್ತಿರ ಇರುವ ಹಳ್ಳಿಮನೆಯಲ್ಲಿ ಇಷ್ಟು ದೊಡ್ಡ ಉಪ್ಪುನೀರಿನ ತೊಟ್ಟಿ ಇಡದಿರುವುದೇ ವಾಸಿ. ಅಲ್ಲಿ ಸಿಹಿನೀರಿನ ಮೀನು ಸಾಕಿ. ಆ ನೀರು ನಿಮ್ಮ ಬದನೆಗೂ ಆಗುತ್ತದೆ.

ಈಗ ಹೇಗಿದೆ?

ಮೂರು ತಿಂಗಳಲ್ಲಿ ನೈಟ್ರೇಟ್ 30ರ ಹತ್ತಿರ ಇಳಿಯಿತು. ಆಹಾರವನ್ನೂ ಸ್ವಲ್ಪ ಕಡಿಮೆ ಮಾಡಿದ್ದೆವು. ಸಿಗಡಿಯನ್ನು ತಾಮ್ರ ಪೂರ್ತಿ ಹೋದದ್ದು ಖಚಿತವಾದ ಮೇಲೆ ಮತ್ತೆ ಬಿಟ್ಟೆವು. ಶನಿವಾರ ರಾತ್ರಿ ಅಪ್ಪ ಉಪ್ಪು ಬೆರೆಸುತ್ತಾರೆ, ಭಾನುವಾರ ಬೆಳಿಗ್ಗೆ ಒಂದು ವಾಲ್ವ್, ಒಂದು ಸ್ವಿಚ್. ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಅಡಿಕೆ ಕೊಯ್ಲಿನ ಸಮಯ ನಾನು ಮೂರು ವಾರ ಮನೆಗೆ ಹೋಗಲಾಗಲಿಲ್ಲ. ಮೂರು ಭಾನುವಾರವೂ ಫೋನ್ ಬಂತು: "ಆಯ್ತು ಮಾರಾಯ, ನೀರು ಹಾಕಿ ಆಯ್ತು."

ನಿಮ್ಮ ಮನೆಯಲ್ಲೂ ದೊಡ್ಡ ತೊಟ್ಟಿ ಇದ್ದರೆ ಹೊಸ ಮೀನು ತರುವ ಮೊದಲು ಈ ಪೈಪಿನ ಕೆಲಸ ಮುಗಿಸಿ. ಯಾರು ನೀರು ಬದಲಿಸುತ್ತಾರೋ ಅವರ ಸೊಂಟದ ಎತ್ತರ, ಅವರ ಕೈಯ ಬಲ ನೋಡಿಕೊಂಡೇ ವಾಲ್ವ್ ಕೂರಿಸಿ.