ಗೋಬಿಯ ಕೆಂಪು

ಬೆಳಗಾವಿಯಲ್ಲಾಗಲಿ ಖಾನಾಪುರದಲ್ಲಾಗಲಿ ‘ಚೈನೀಸ್’ ಎಂದರೆ ಬಹಳ ಮಂದಿಗೆ ಸಂಜೆಯ ಗಾಡಿಯ ಗೋಬಿ ಮಂಚೂರಿಯೇ. ಹೆಸರಷ್ಟೇ ಚೀನಾದ್ದು, ಅದರ ಹಿರಿಯಣ್ಣನಾದ ಚಿಕನ್ ಮಂಚೂರಿಯನ್ ಖಾದ್ಯವನ್ನು 1975ರಲ್ಲಿ ಮುಂಬೈಯಲ್ಲಿ ನೆಲ್ಸನ್ ವಾಂಗ್ ರೂಪಿಸಿದರೆಂದು ಹೇಳುತ್ತಾರೆ.

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಳಪಟ್ಟ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಅವುಗಳಲ್ಲಿ ಕಂಡುಬಂದ ಟಾರ್ಟ್ರಾಜಿನ್, ಕಾರ್ಮೊಯಿಸಿನ್‌ಗಳಿಗೆ ಕೆಲವು ಸಿಹಿತಿನಿಸುಗಳಲ್ಲಿ ಮಿತಿಯೊಳಗೆ ಅನುಮತಿಯುಂಟು, ಗೋಬಿಯಲ್ಲಿ ಇಲ್ಲ. ತಪ್ಪಿತಸ್ಥರಿಗೆ 7 ವರ್ಷಗಳವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂದೂ ಸಾರಲಾಯಿತು.

ಶಿಕ್ಷೆ ಕಠಿಣವಾದಷ್ಟೂ ಅದರ ಪ್ರಯೋಗ ವಿರಳವಾಗುವುದನ್ನು ಆಡಳಿತದಲ್ಲಿ ನಾನು ಕಂಡಿದ್ದೇನೆ. ಬಣ್ಣ ಬಿಟ್ಟ ವ್ಯಾಪಾರಿಯ ತಟ್ಟೆ ಪಕ್ಕದ ಗಾಡಿಯ ಕೆಂಪಿನೆದುರು ಕಳೆಗುಂದುತ್ತದೆ. ಗಿರಾಕಿ ಅತ್ತ ಸರಿಯುತ್ತಾನೆ. ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಹೊರದೂಡುತ್ತದೆಂಬ ಗ್ರೆಶಾಮನ ನಿಯಮ ಬಾಣಲೆಗೂ ಅನ್ವಯಿಸುತ್ತದೆ. ಆದ್ದರಿಂದ ಒಬ್ಬನನ್ನು ಹಿಡಿದು ಸುದ್ದಿ ಮಾಡುವುದಕ್ಕಿಂತ ಇಡೀ ಸಾಲಿನ ಗಾಡಿಗಳನ್ನೂ, ಹವಾನಿಯಂತ್ರಿತ ರೆಸ್ಟೋರೆಂಟುಗಳನ್ನೂ ಒಂದೇ ದಿನ ತಪಾಸಣೆಗೆ ಒಳಪಡಿಸುವುದು ಮೇಲು. ಕೆಂಪು ಬೇಕೇ ಬೇಕೆನ್ನುವವರಿಗೆ ಖಾರ ಕಡಿಮೆ, ಬಣ್ಣ ಹೆಚ್ಚಿರುವ ಬ್ಯಾಡಗಿ ಮೆಣಸಿನಕಾಯಿ ಉಂಟಲ್ಲ! ಅದರ ಹೆಚ್ಚುವರಿ ವೆಚ್ಚವನ್ನು ಮಾತ್ರ ಗಾಡಿಯವನ ತಲೆಗೆ ಕಟ್ಟದೆ ಗಿರಾಕಿಯೇ ತೆರಬೇಕಾದೀತು.